ತಮ್ಮನ ಅಂಗವಿಕಲ ವೇತನದ ಅರ್ಜಿ ತಿರಸ್ಕೃತ: ಮೇಲ್ಮನವಿ ಹಾಕಬೇಕಾ, ಹೊಸ ಅರ್ಜಿ ಹಾಕಬೇಕಾ?

ಕಲ್ಪತರು_ಹುಡುಗ
ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಕಡೆ. ತಮ್ಮ ತೆಂಗಿನ ಮರದಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿದೆ. ವಾಕರ್ ಹಿಡಿದು ಮನೆಯಿಂದ ಕೊಟ್ಟಿಗೆವರೆಗೆ ನಡೆಯುತ್ತಾನೆ, ಅಷ್ಟೇ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬಂದಿದೆ, 60% ಅಂತ ಇದೆ.

ನಾಡಕಚೇರಿಯಲ್ಲಿ ಅಂಗವಿಕಲ ವೇತನಕ್ಕೆ ಅರ್ಜಿ ಕೊಟ್ಟಿದ್ದೆವು. ಮೊನ್ನೆ ಮೊಬೈಲಿಗೆ ಮೆಸೇಜ್ ಬಂತು, ತಿರಸ್ಕರಿಸಲಾಗಿದೆ ಅಂತ. ಕಾರಣ ಬರೆದಿಲ್ಲ. ಹೋಗಿ ಕೇಳಿದರೆ ಆಪರೇಟರ್ ಸ್ಕ್ರೀನ್ ನೋಡಿ "ಆದಾಯ ಜಾಸ್ತಿ ಇದೆ, 32 ಸಾವಿರದ ಒಳಗಿರಬೇಕು" ಅಂದರು. ಆದಾಯ ಪ್ರಮಾಣಪತ್ರ ತೆಗೆದು ನೋಡಿದರೆ 96,000 ಅಂತ ಇದೆ! ಮನೆಯಲ್ಲಿ ಇರುವುದು ಅಮ್ಮ, ತಮ್ಮ, ಒಂದು ಹಸು, 20 ಗುಂಟೆ ತೋಟ. ನಾನು ಬೆಂಗಳೂರಿನಲ್ಲಿ ಹೆಂಡತಿ ಮಕ್ಕಳ ಜೊತೆ ಬೇರೆ ಇದ್ದೇನೆ, ರೇಷನ್ ಕಾರ್ಡೂ ಬೇರೆ. ನನ್ನ ಸಂಬಳ ಸೇರಿಸಿದ್ದಾರೆ ಅನ್ನಿಸುತ್ತೆ.

ಆಪರೇಟರ್ "ಸುಮ್ನೆ ಇನ್ನೊಂದು ಅರ್ಜಿ ಹಾಕಿ" ಅನ್ನುತ್ತಾರೆ. ಪಕ್ಕದ ಮನೆಯವರು "ಅಪೀಲ್ ಹೋಗು" ಅನ್ನುತ್ತಾರೆ. ಗೊತ್ತಿರುವವರು ಹೇಳಿ.

ಬಿಸಿಲೂರಿನವ
ನಮ್ಮ ಅತ್ತೆದೂ ಇದೇ ಕತೆ ರೀ. ಮೆಸೇಜ್ ಬಂತು, ಕಾರಣ ಬರಲಿಲ್ಲ.

ಖಾಲಿ_ಜೇಬು
60% ಅಂದ್ರೆ ತಿಂಗಳಿಗೆ 800 ಅಲ್ವಾ? ಅದಕ್ಕೆ ಇಷ್ಟು ಓಡಾಟನಾ? ಬಸ್ ಚಾರ್ಜಿಗೇ ಹೋಗುತ್ತೆ.

ಶಶಿಕಲಾ_ಮೈಸೂರು
@ಖಾಲಿ_ಜೇಬು ನಿಮಗೆ 800 ಸಣ್ಣದು ಇರಬಹುದು. ಯೂರಿನ್ ಬ್ಯಾಗ್, ಮಾತ್ರೆ ತಗೊಳ್ಳೋ ಮನೆಗೆ ಹಾಗಲ್ಲ.

ನಿವೃತ್ತ_ಶಿರಸ್ತೇದಾರ
ತಮ್ಮಾ, ಗಾಬರಿ ಬೇಡ. ಮೊದಲು ಆಪರೇಟರ್ ಬಾಯಿಮಾತು ನಂಬುವುದನ್ನು ಬಿಡು. ನಾಳೆ ಹೋಗಿ ಬರಹದಲ್ಲಿ ಹಿಂಬರಹ ಕೇಳು. ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆ: ಇಂಥ ಸಂಖ್ಯೆಯ ಅರ್ಜಿ ತಿರಸ್ಕರಿಸಲಾಗಿದೆ, ಕಾರಣವನ್ನು ಲಿಖಿತವಾಗಿ ಕೊಡಿ ಅಂತ. ಟಪಾಲಿನಲ್ಲಿ ಕೊಟ್ಟು, ನಿನ್ನ ನಕಲಿನ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಂಡೇ ಆಚೆ ಬಾ. ಸೀಲಿಲ್ಲದ ಕಾಗದಕ್ಕೆ ಕಚೇರಿಯಲ್ಲಿ ಬೆಲೆ ಇಲ್ಲ.

ಪಿಂಚಣಿ ಸಕಾಲ (ಸರ್ಕಾರಿ ಸೇವೆಯನ್ನು ಗೊತ್ತಾದ ದಿನದೊಳಗೆ ಕೊಡಬೇಕು ಅನ್ನುವ ಕಾಯ್ದೆ) ವ್ಯಾಪ್ತಿಯಲ್ಲಿದೆ. ಅರ್ಜಿ ಕೊಟ್ಟಾಗ ಸಿಕ್ಕ ಸ್ವೀಕೃತಿ ಚೀಟಿಯಲ್ಲಿ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುತ್ತದೆ, ನೋಡು. ತಿರಸ್ಕಾರ ಆದ ದಿನದಿಂದ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬಹುದು. ತಹಶೀಲ್ದಾರ್ ಮಟ್ಟದ ಆದೇಶ ಆದ್ದರಿಂದ ಅದು ಎಸಿ ಸಾಹೇಬರ ಹತ್ತಿರ, ಅಂದರೆ ಉಪವಿಭಾಗಾಧಿಕಾರಿ ಕಚೇರಿಗೆ ಹೋಗುತ್ತದೆ. ಅಲ್ಲೂ ಆಗದಿದ್ದರೆ ಮತ್ತೆ 30 ದಿನದೊಳಗೆ ಎರಡನೇ ಮೇಲ್ಮನವಿ.

ಹೊಸ ಅರ್ಜಿ ವಿಚಾರ: ಹಾಕಿದರೂ ಅದೇ ಆರ್‌ಡಿ ಸಂಖ್ಯೆಯ (ಪತ್ರದ ಮೇಲಿರುವ ಸಂಖ್ಯೆ) ಆದಾಯ ಪ್ರಮಾಣಪತ್ರ ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಆದಾಯ ಪತ್ರಕ್ಕೆ 5 ವರ್ಷ ಆಯಸ್ಸು. 96,000 ಅನ್ನುವ ಅಂಕಿ ತಿದ್ದಿಸದೆ ಎಷ್ಟು ಅರ್ಜಿ ಹಾಕಿದರೂ ಅದೇ ಉತ್ತರ ಬರುತ್ತದೆ. ಹಾಗಾಗಿ ಜಗಳ ಪಿಂಚಣಿ ಕೇಸ್ ವರ್ಕರ್ ಜೊತೆ ಅಲ್ಲ, ಆದಾಯ ಪತ್ರದ ಜೊತೆ. ಅದರ ಮೇಲೂ ಸಕಾಲ ಮೇಲ್ಮನವಿ ಇದೆ.

ದಾರಿಹೋಕ
ಇದೆಲ್ಲ ಪುಸ್ತಕದ ಮಾತು ಸಾರ್. ನಮ್ಮೂರಲ್ಲಿ ಒಬ್ಬ ಇದ್ದಾನೆ. ಎರಡು ಸಾವಿರ ಕೊಟ್ಟರೆ ಆದಾಯ ಪತ್ರನೂ ಬರುತ್ತೆ, ಪಿಂಚಣಿ ಆದೇಶನೂ ಬರುತ್ತೆ.

ನಿವೃತ್ತ_ಶಿರಸ್ತೇದಾರ
ಬರುತ್ತದೆ. ಆಮೇಲೆ ಮರುಪರಿಶೀಲನೆ ಬಂದಾಗ ಆ ಮಧ್ಯವರ್ತಿ ಫೋನ್ ಎತ್ತುವುದಿಲ್ಲ. ಸುಳ್ಳು ಪತ್ರದ ಮೇಲೆ ಆದ ಪಿಂಚಣಿ ರದ್ದಾಗಿ, ತಗೊಂಡಿದ್ದನ್ನು ವಾಪಸ್ ಕಟ್ಟಿ ಅಂತ ನೋಟಿಸ್ ಬಂದ ಮನೆಗಳನ್ನು ನೋಡಿದ್ದೇನೆ. ಈ ಹುಡುಗನ ಕೇಸು ಸಾಚಾ ಇದೆ. ಅದನ್ನು ಯಾಕೆ ಕೆಡಿಸುತ್ತೀರಿ?

ದಾರಿಹೋಕ
ಸಾಚಾ ಕೇಸಿಗೇ ದುಡ್ಡು ಕೇಳೋದು ಸಾರ್, ಅದೇ ನನ್ನ ಮಾತು.

ಹಳ್ಳಿ_ಲೆಕ್ಕ
ನಾನು ಗ್ರಾಮ ಆಡಳಿತಾಧಿಕಾರಿ. ಇಲ್ಲಿ ಬೈಗುಳ ತಿನ್ನಲು ಬಂದಿದ್ದೇನೆ ಅಂದುಕೊಳ್ಳಿ 😀 ಎಲ್ಲರೂ ನಮ್ಮನ್ನೇ ಅನ್ನುತ್ತೀರಿ. ಒಂದು ಸರ್ಕಲ್‌ಗೆ ನಾಲ್ಕಾರು ಹಳ್ಳಿ, ಬೆಳೆ ಸಮೀಕ್ಷೆ, ಚುನಾವಣೆ, ಪೌತಿ ಖಾತೆ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು), ಎಲ್ಲಾ ನಮ್ಮ ತಲೆ ಮೇಲೆ. ಆದಾಯ ಬರೆಯುವಾಗ ಪಹಣಿ ನೋಡುತ್ತೇವೆ, ರೇಷನ್ ಕಾರ್ಡ್ ನೋಡುತ್ತೇವೆ, ಅಕ್ಕಪಕ್ಕದವರನ್ನು ಕೇಳುತ್ತೇವೆ. "ಅವರ ಅಣ್ಣ ಬೆಂಗಳೂರಲ್ಲಿ ಕೆಲಸದಲ್ಲಿದ್ದಾನೆ" ಅಂತ ಊರವರೇ ಹೇಳುತ್ತಾರೆ. ಬೇರೆ ಆಗಿದ್ದೀರಿ ಅಂತ ನಮಗೆ ಕನಸು ಬೀಳುತ್ತಾ? ತಂದೆ ಹೆಸರಿನ ಪಹಣಿ ಹಾಗೇ ಇದ್ದರೆ, ಪೌತಿ ಮಾಡಿಸದೆ ಬಿಟ್ಟಿದ್ದರೆ, ಕುಟುಂಬ ಒಂದೇ ಅಂತ ಬರೆಯುವುದು ಸಹಜ. ಮತ್ತೆ ತುಮಕೂರು ಕಡೆ 20 ಗುಂಟೆ ತೆಂಗು ಅಂದರೆ, ಈಗಿನ ಕೊಬ್ಬರಿ ರೇಟಲ್ಲಿ ಏನೂ ಬರಲ್ಲ ಅಂತ ನಾನು ಹೇಗೆ ಬರೆಯಲಿ?

ಕಲ್ಪತರು_ಹುಡುಗ
ಸರ್, ನಿಮ್ಮನ್ನು ಅಂದಿಲ್ಲ. ಆದರೆ ತೋಟದಲ್ಲಿ ಅರ್ಧ ಮರಕ್ಕೆ ಕಾಂಡ ಸೋರುವ ರೋಗ. ಹತ್ತುವವನು ಬಿದ್ದು ಮಲಗಿದ್ದಾನೆ. ಕಾಯಿ ಕೀಳಿಸಲು ಕೂಲಿ ಕೊಟ್ಟು ಉಳಿಯುವುದು ಎಷ್ಟು? ಯಾರೂ ಮನೆಗೆ ಬಂದು ನೋಡಿಲ್ಲ, ಅದು ನನ್ನ ಸಂಕಟ. ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇದೆ, ನಿಜ.

ಹಳ್ಳಿ_ಲೆಕ್ಕ
ಅಲ್ಲಿದೆ ನೋಡಿ ವಿಷಯ. ಪೌತಿ ಖಾತೆಗೆ ಈಗಲೇ ಹಾಕಿ. ಅದು ಆಗುವವರೆಗೆ ಕಾಯಬೇಡಿ, ಮೇಲ್ಮನವಿಗೆ ನಿಮ್ಮ ಬೇರೆ ರೇಷನ್ ಕಾರ್ಡ್, ಬೆಂಗಳೂರಿನ ಬಾಡಿಗೆ ಕರಾರು ಲಗತ್ತಿಸಿ. ಮರು ಸ್ಥಳ ತನಿಖೆ ಮಾಡಿ ಅಂತ ಸ್ಪಷ್ಟವಾಗಿ ಬರೆಯಿರಿ. ಎಸಿ ಕಡೆಯಿಂದ ಪತ್ರ ಬಂದರೆ ನಾವು ಮನೆಗೆ ಹೋಗಲೇಬೇಕು.

ಕೂಲಿ_ಲೆಕ್ಕ
ಯಾರೂ ಹೇಳದ ಮಾತು ಹೇಳುತ್ತೇನೆ. ಈ 32,000 ಅನ್ನೋದೇ ದೊಡ್ಡ ತಮಾಷೆ. ಕರ್ನಾಟಕದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370. ಒಬ್ಬ ತಾಯಿ 100 ದಿನ ಮಣ್ಣು ಹೊತ್ತರೆ 37,000. ಅಂದರೆ ಸರ್ಕಾರ ಒಂದು ಕೈಯಲ್ಲಿ ಕೊಟ್ಟ ಕೂಲಿಯಿಂದಲೇ ಮಗನ ಪಿಂಚಣಿ ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತೆ. ಬಿಪಿಎಲ್ ಕಾರ್ಡಿಗೆ ಮಿತಿ 1.20 ಲಕ್ಷ. ಅದೇ ಮನೆ ಅಕ್ಕಿಗೆ ಬಡವರು, ಪಿಂಚಣಿಗೆ ಸಾಹುಕಾರರು! ಅದಕ್ಕೇ ವಿಎಗಳೂ (ಗ್ರಾಮ ಆಡಳಿತಾಧಿಕಾರಿಗಳು) ಕಣ್ಣು ಮುಚ್ಚಿ ಎಲ್ಲರಿಗೂ 30,000, 32,000 ಅಂತ ಬರೆಯೋದು. ನಿಜ ಬರೆದರೆ ಯಾರಿಗೂ ಸಿಗಲ್ಲ. ನಿಮಗೆ ಬರೆದವರು ಆ ದಿನ ಯಾವ ಮೂಡಲ್ಲಿ ಇದ್ದರೋ.

ಹಳ್ಳಿ_ಲೆಕ್ಕ
@ಕೂಲಿ_ಲೆಕ್ಕ ಇದಕ್ಕೆ ನಾನು ಉತ್ತರ ಕೊಡಲ್ಲ. ನೌಕರಿ ಮಾಡಬೇಕು 😐

ವಾದಿ_ಪ್ರತಿವಾದಿ
ಕೂಲಿ_ಲೆಕ್ಕ ಅವರ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 24ನೇ ಕಲಂ ಓದಿ. ಅಂಗವಿಕಲರಿಗೆ ಕೊಡುವ ನೆರವು, ಬೇರೆಯವರಿಗೆ ಕೊಡುವ ಅದೇ ಬಗೆಯ ಯೋಜನೆಗಿಂತ ಕನಿಷ್ಠ 25% ಜಾಸ್ತಿ ಇರಬೇಕು ಅಂತ ಇದೆ. ವೃದ್ಧರಿಗೆ ಕೊಡುವ ಸಂಧ್ಯಾ ಸುರಕ್ಷಾ 1,200. 40ರಿಂದ 75% ಒಳಗಿನ ಅಂಗವಿಕಲರಿಗೆ 800. 75% ದಾಟಿದವರಿಗೆ ಮಾತ್ರ 1,400. 1,200ಕ್ಕೆ 25% ಸೇರಿಸಿದರೆ 1,500. ಲೆಕ್ಕ ನೀವೇ ಹಾಕಿ.

ಖಾಲಿ_ಜೇಬು
ಯಪ್ಪಾ. ಇದು ಗೊತ್ತಿರಲಿಲ್ಲ.

ಶಶಿಕಲಾ_ಮೈಸೂರು
ನಮ್ಮ ಕತೆ ಸ್ವಲ್ಪ ಬೇರೆ. ಓದುವ ಬೇರೆಯವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ. ನಮ್ಮದು ಆದಾಯದ ತಕರಾರಲ್ಲ, ಪರ್ಸೆಂಟೇಜ್ ತಕರಾರು.

ನಮ್ಮ ಯಜಮಾನರಿಗೆ ಬೈಕ್ ಅಪಘಾತದಲ್ಲಿ ಬಲಗಾಲು ಮತ್ತು ಎಡಗೈ ಎರಡಕ್ಕೂ ಪೆಟ್ಟು. ವೈದ್ಯಕೀಯ ಬೋರ್ಡಿನಲ್ಲಿ ಕಾಲು ಮಾತ್ರ ನೋಡಿ 30% ಬರೆದರು. 40 ಇಲ್ಲದಿದ್ದರೆ ಪಿಂಚಣಿ ಇಲ್ಲ, ಬಸ್ ಪಾಸ್ ಇಲ್ಲ. ಕೈ ತೋರಿಸಲು ಹೋದರೆ "ಅದೇನು ದೊಡ್ಡದಲ್ಲ ಬಿಡಿ" ಅಂದರು. ಮೊಣಕೈ ಪೂರ್ತಿ ಮಡಚಲ್ಲ. ಅನ್ನದ ತುತ್ತು ಬಾಯಿಗೆ ಹೋಗಬೇಕಾದರೆ ತಲೆಯೇ ಕೆಳಗೆ ಬರಬೇಕು. ಅದು ದೊಡ್ಡದಲ್ಲವಂತೆ.

ಆಮೇಲೆ ಪಂಚಾಯಿತಿಯಲ್ಲಿ ಅಂಗವಿಕಲರಿಗೆ ನೆರವಾಗುವ ವಿಆರ್‌ಡಬ್ಲ್ಯೂ ಹೇಳಿಕೊಟ್ಟರು. ಬೋರ್ಡಿನ ತೀರ್ಮಾನ ಒಪ್ಪದಿದ್ದರೆ ಅದೇ ಕಾಯ್ದೆಯ 59ನೇ ಕಲಂ ಕೆಳಗೆ ಮೇಲ್ಮನವಿ ಇದೆ, 90 ದಿನದೊಳಗೆ ಹಾಕಬೇಕು. ಇದು ತಹಶೀಲ್ದಾರ್, ಎಸಿ ಕಡೆಗೆ ಹೋಗುವುದಲ್ಲ. ಸರ್ಕಾರ ಇದಕ್ಕೇ ಅಂತ ಗೊತ್ತು ಮಾಡಿದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವುದು. ಯಾರು ಅಂತ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಹೇಳುತ್ತಾರೆ.

ಮರುಪರೀಕ್ಷೆಯಲ್ಲಿ ಬೇರೆ ಡಾಕ್ಟರು ಕೋನ ಅಳೆಯುವ ಪಟ್ಟಿ ಇಟ್ಟು, ಮೊಣಕೈ ಎಷ್ಟು ಮಡಚುತ್ತೆ, ಎಷ್ಟು ಚಾಚುತ್ತೆ ಅಂತ ಒಂದೊಂದೇ ಬರೆದುಕೊಂಡರು. ಕೈಗೆ 18% ಬಂತು. 30 ಮತ್ತು 18 ಸುಮ್ನೆ ಕೂಡಿಸಿ 48 ಅನ್ನಲ್ಲ. ಅದಕ್ಕೊಂದು ಸೂತ್ರ ಇದೆ. 90ರಿಂದ ದೊಡ್ಡ ಅಂಕಿಯನ್ನು ಕಳೆಯಬೇಕು: 60. ಅದನ್ನು ಸಣ್ಣ ಅಂಕಿಯಿಂದ ಗುಣಿಸಿ 90ರಿಂದ ಭಾಗಿಸಬೇಕು: 12. ಅದನ್ನು 30ಕ್ಕೆ ಸೇರಿಸಿದರೆ 42. ನಮಗೆ 42% ಬಂತು. ಆ ಎರಡು ಅಂಕಿ ಮೇಲೆ ನಮ್ಮ ಪಿಂಚಣಿ ನಿಂತಿದೆ.

ಬಿಸಿಲೂರಿನವ
ಅಕ್ಕಾ, ಭಾಳ ಚಲೋ ಬರದೀರಿ. ಈ ಸೂತ್ರ ನಮ್ಮ ಕಡೆ ಯಾರೂ ಹೇಳಿಲ್ಲ.

ಒಂಟಿಕಣ್ಣು
ನನಗೆ ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದು ಚೆನ್ನಾಗಿದೆ. 30% ಕೊಟ್ಟಿದ್ದಾರೆ. ನಾನೂ 59ನೇ ಕಲಂ ಹಾಕಲಾ?

ವಾದಿ_ಪ್ರತಿವಾದಿ
ಹಾಕಿ ಉಪಯೋಗ ಇಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಕೇಂದ್ರದ ಮಾರ್ಗಸೂಚಿಯಲ್ಲೇ ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿ ಇದ್ದರೆ 30% ಅಂತ ಇದೆ. ಡಾಕ್ಟರ್ ತಪ್ಪು ಮಾಡಿಲ್ಲ. ಬೇರೆ ತೊಂದರೆ ಏನಾದರೂ ಇದ್ದರೆ ಎರಡನ್ನೂ ಸೇರಿಸಿ ನೋಡಿ ಅಂತ ಕೇಳಬಹುದು. ಕಿವಿಯದ್ದೂ ಹೀಗೇ. ಒಂದೇ ಕಿವಿ ಕೇಳಿಸದಿದ್ದರೆ ಲೆಕ್ಕಕ್ಕೆ ಬರಲ್ಲ, ಎರಡೂ ಕಿವಿಯಲ್ಲಿ 60 ಡೆಸಿಬಲ್ ನಷ್ಟ ಇರಬೇಕು.

ಒಂಟಿಕಣ್ಣು
ರಾತ್ರಿ ಗಾಡಿ ಓಡಿಸಕ್ಕಾಗಲ್ಲ, ಕೆಲಸ ಹೋಯ್ತು. ಇನ್ನೊಂದು ಕಣ್ಣು ಸರಿ ಇದೆಯಂತೆ. ಸರಿ ಬಿಡಿ.

ಶಶಿಕಲಾ_ಮೈಸೂರು
@ಒಂಟಿಕಣ್ಣು ಕೆಲಸದ ವೇಳೆ ಆದ ಅಪಘಾತವಾ ಅದು? ಇಎಸ್‌ಐ (ಕಾರ್ಮಿಕರ ವಿಮೆ) ಇತ್ತಾ?

ಪೀಣ್ಯ_ಶಿಫ್ಟ್
ಶಶಿಕಲಾ ಮೇಡಂ ಸರಿಯಾಗಿ ಕೇಳಿದ್ದಾರೆ. ಇಎಸ್‌ಐನಲ್ಲಿ 40% ಅನ್ನೋ ಗೆರೆನೇ ಇಲ್ಲ. ಪ್ರೆಸ್ ಮೆಷಿನ್‌ಗೆ ನನ್ನ ತೋರುಬೆರಳು ಹೋಯ್ತು, ಪೂರ್ತಿ ಹೋದರೆ 14% ಅಂತ ಪಟ್ಟಿಯಲ್ಲಿದೆ. ಹೆಬ್ಬೆರಳು ಪೂರ್ತಿ ಆದರೆ 30%. ಬೋರ್ಡು ಕಮ್ಮಿ ಕೊಟ್ಟರೆ 3 ತಿಂಗಳೊಳಗೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು, ಇಲ್ಲಾಂದ್ರೆ ನೇರ ಇಎಸ್‌ಐ ಕೋರ್ಟ್‌ಗೆ. ಮುಖ್ಯ ವಿಷಯ, ಅಪಘಾತ ಆದ ದಿನ ಕಂಪನಿಯ ಅಪಘಾತ ಪುಸ್ತಕದಲ್ಲಿ ದಾಖಲಾಗಿರಬೇಕು. ನಮ್ಮ ಸೂಪರ್‌ವೈಸರ್ "ಮನೆಯಲ್ಲಿ ಆಯ್ತು ಅಂತ ಹೇಳು" ಅಂದಿದ್ದ. ಹೇಳಿದ್ದರೆ ಇವತ್ತು ಏನೂ ಸಿಗ್ತಿರಲಿಲ್ಲ.

ಕೊಡಗಿನ_ಮಳೆ
ಸೇನೆಯ ಅಂಗವೈಕಲ್ಯ ಪಿಂಚಣಿಯದ್ದು ಇನ್ನೊಂದು ರಾಮಾಯಣ. ನಮ್ಮ ಕಡೆ ಮನೆಗೊಬ್ಬರು ಸೇನೆಯಲ್ಲಿ ಇದ್ದವರು. "ಈ ಕಾಯಿಲೆಗೂ ಸೇವೆಗೂ ಸಂಬಂಧ ಇಲ್ಲ" ಅಂತ ಒಂದು ಸಾಲು ಬರೆದು ಕಳಿಸುತ್ತಾರೆ. ಸುಪ್ರೀಂ ಕೋರ್ಟ್ 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಇದಕ್ಕೆ ಸರಿಯಾದ ಉತ್ತರ ಕೊಟ್ಟಿದೆ. ಸೇರುವಾಗ ಆರೋಗ್ಯವಾಗಿದ್ದ ಅಂತ ಒಪ್ಪಿ ತಗೊಂಡ ಮೇಲೆ, ಕಾಯಿಲೆ ಸೇವೆಯಿಂದ ಬಂದದ್ದಲ್ಲ ಅಂತ ತೋರಿಸುವ ಹೊಣೆ ಸರ್ಕಾರದ್ದು, ಸೈನಿಕನದ್ದಲ್ಲ ಅಂತ. ಸೇನಾ ನ್ಯಾಯಮಂಡಳಿಗೆ ಹೋದವರು ಎಷ್ಟೋ ಜನ ಗೆದ್ದಿದ್ದಾರೆ. ಹೋಗದವರೇ ಜಾಸ್ತಿ.

ದಾರಿಹೋಕ
ಎಲ್ಲಿಂದ ಎಲ್ಲಿಗೋ ಹೋಯ್ತು. ಹುಡುಗ ಕೇಳಿದ್ದು ತಮ್ಮನ 800.

ಜಯಕ್ಕ
ನನಗೊಂದು ಅನುಮಾನ. ಅಮ್ಮನಿಗೆ ಬರುವ ಗೃಹಲಕ್ಷ್ಮಿ 2,000 ಸೇರಿಸಿದರೆ ವರ್ಷಕ್ಕೆ 24,000 ಆಯ್ತಲ್ಲ. ಅದನ್ನೂ ಆದಾಯ ಅಂತ ಹಿಡಿದಿರಬಹುದಾ?

ಕೂಲಿ_ಲೆಕ್ಕ
ಹಿಡಿದರೆ ನೇರ ಜಗಳಕ್ಕೆ ಹೋಗಿ. ಪಿಂಚಣಿ ತಗೊಳ್ಳುವ ಹೆಂಗಸರಿಗೂ ಗೃಹಲಕ್ಷ್ಮಿ ಕೊಡ್ತೀವಿ ಅಂತ 2023ರಲ್ಲೇ ಸರ್ಕಾರ ಹೇಳಿದೆ. ಒಂದನ್ನು ತೋರಿಸಿ ಇನ್ನೊಂದನ್ನು ಕಿತ್ತರೆ ಆ ಮಾತಿಗೆ ಅರ್ಥ ಏನು?

ಜಯಕ್ಕ
ಇನ್ನೊಂದು, ಮೇಲ್ಮನವಿಗೆ ಡೈರಿ ಪುಸ್ತಕ ಲಗತ್ತಿಸಬೇಡಪ್ಪಾ. ಹಾಲಿನ ಬಟವಾಡೆ ಲೆಕ್ಕ ನೋಡಿ ಅದರಲ್ಲೇ ಹಿಡಿದುಬಿಡ್ತಾರೆ.

ನಿವೃತ್ತ_ಶಿರಸ್ತೇದಾರ
ಜಯಮ್ಮನವರೇ, ಮುಚ್ಚಿಡುವ ಸಲಹೆ ಬೇಡ. ಒಂದು ಹಸುವಿನ ಹಾಲಿಗೆ ಹಿಂಡಿ, ಬೂಸ ಕಳೆದರೆ ಉಳಿಯುವುದು ಎಲ್ಲರಿಗೂ ಗೊತ್ತು. ಕೇಳಿದರೆ ಕೊಡಲಿ, ಖರ್ಚಿನ ಚೀಟಿಯನ್ನೂ ಜೊತೆಗೆ ಕೊಡಲಿ. ಕೇಳದಿದ್ದರೆ ಸುಮ್ಮನಿರಲಿ.

ಕಲ್ಪತರು_ಹುಡುಗ
ಹಿಂಬರಹ ಕೇಳಿ ಕೊಟ್ಟು ಬಂದೆ, ಸೀಲು ಹಾಕಿಸಿದ್ದೇನೆ. ಅವರು ಮುಖ ನೋಡಿದ ರೀತಿ ನೋಡಬೇಕಿತ್ತು. ಅದು ಬರುವುದು ತಡ ಆದರೆ 30 ದಿನ ಕಳೆದುಹೋಗಲ್ವಾ?

ವಾದಿ_ಪ್ರತಿವಾದಿ
ಕಾಯಬೇಡಿ. ಮೊಬೈಲಿಗೆ ಬಂದ ಮೆಸೇಜಿನ ದಿನಾಂಕ ಹಿಡಿದು ಮೇಲ್ಮನವಿ ಹಾಕಿ, ಸ್ಕ್ರೀನ್‌ಶಾಟ್ ಪ್ರಿಂಟ್ ಮಾಡಿ ಲಗತ್ತಿಸಿ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ: "ಸದರಿ ಅರ್ಜಿಯ ಟಿಪ್ಪಣಿ ಹಾಳೆ, ಗ್ರಾಮ ಆಡಳಿತಾಧಿಕಾರಿ ಹಾಗೂ ಕಂದಾಯ ನಿರೀಕ್ಷಕರ ವರದಿಯ ನಕಲು ಕೊಡಿ." ಇಷ್ಟೇ ಸಾಕು. ನಮ್ಮ ರಾಜ್ಯದ ನಿಯಮದಲ್ಲಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ಫೀಸು 10 ರೂಪಾಯಿ, ಬಿಪಿಎಲ್ ಕಾರ್ಡ್ ನಕಲು ಇಟ್ಟರೆ ಅದೂ ಇಲ್ಲ. ಅಮ್ಮನ ಹೆಸರಲ್ಲಿ ಹಾಕಿ.

ಮೇಲ್ಮನವಿ ಬರೆಯಲು ವಕೀಲರು ಬೇಡ. ಸುಮಾರಾಗಿ ಹೀಗೆ ಬರೆಯಿರಿ:

"ಮಾನ್ಯರೇ, ನನ್ನ ಅಂಗವಿಕಲ ವೇತನದ ಅರ್ಜಿಯನ್ನು (ಜಿಎಸ್‌ಸಿ ಸಂಖ್ಯೆ ಇಷ್ಟು) ಆದಾಯ ಮಿತಿ ಮೀರಿದೆ ಎಂದು ತಿರಸ್ಕರಿಸಲಾಗಿದೆ. ನನ್ನ ಅಣ್ಣ ಪ್ರತ್ಯೇಕವಾಗಿ ಬೆಂಗಳೂರಿನಲ್ಲಿ ವಾಸವಿದ್ದು, ಪಡಿತರ ಚೀಟಿಯೂ ಪ್ರತ್ಯೇಕವಾಗಿರುತ್ತದೆ. ಸ್ಥಳ ತನಿಖೆ ಮಾಡದೆ ಅವರ ಆದಾಯವನ್ನು ನಮ್ಮ ಕುಟುಂಬದ ಆದಾಯಕ್ಕೆ ಸೇರಿಸಲಾಗಿದೆ. ಆದ್ದರಿಂದ ಮರು ತನಿಖೆ ಮಾಡಿಸಿ, ಆದಾಯ ಪ್ರಮಾಣಪತ್ರ ಸರಿಪಡಿಸಿ, ವೇತನ ಮಂಜೂರು ಮಾಡಲು ಆದೇಶಿಸಬೇಕಾಗಿ ಪ್ರಾರ್ಥನೆ."

ಕೆಳಗೆ ತಮ್ಮನ ಸಹಿ. ನಿಮ್ಮ ಸಹಿ ಅಲ್ಲ. ಅರ್ಜಿದಾರ ಅವನು.

ಇನ್ನೂ ಮೇಲೆ ಹೋಗಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಅಂಗವಿಕಲರಿಗೆ ವಕೀಲರ ನೆರವು ಉಚಿತ, ಅದಕ್ಕೆ ಈ ಆದಾಯ ಮಿತಿಯ ಕಾಟ ಇಲ್ಲ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಬಿಸಿಲೂರಿನವ
155245 ಕಂದಾಯ ಸಹಾಯವಾಣಿಗೂ ಹೇಳಬಹುದಲ್ಲ ರೀ? 1902 ಜನಸ್ಪಂದನನೂ ಐತಿ.

ನಿವೃತ್ತ_ಶಿರಸ್ತೇದಾರ
ಹೇಳಲಿ, ತಪ್ಪೇನಿಲ್ಲ. ಆದರೆ ಫೋನಿನಲ್ಲಿ ದೂರು ಕೊಟ್ಟಿದ್ದೇನೆ ಅಂತ ಮೇಲ್ಮನವಿ ಬಿಡಬಾರದು. ಸಹಾಯವಾಣಿಯ ದೂರು ತಿರುಗಿ ಅದೇ ಕಚೇರಿಗೆ ಬಂದು "ವಿಲೇವಾರಿ ಆಗಿದೆ" ಅಂತ ಮುಚ್ಚಿಹೋಗುವುದನ್ನು ನಾನೇ ಎಷ್ಟು ನೋಡಿದ್ದೇನೆ.

ಹೊಸಬ
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಅಜ್ಜಿಗೆ ಮಂಜೂರಾಗಿದೆ, ಆದೇಶ ಪ್ರತಿನೂ ಇದೆ, ಆದರೆ ದುಡ್ಡು ಬರುತ್ತಿಲ್ಲ. ಇದಕ್ಕೂ ಮೇಲ್ಮನವಿನಾ?

ಹಳ್ಳಿ_ಲೆಕ್ಕ
ಅಲ್ಲ. ಬ್ಯಾಂಕಿಗೆ ಹೋಗಿ ಖಾತೆಗೆ ಆಧಾರ್ ಜೋಡಣೆ, ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ದುಡ್ಡು ಯಾವ ಖಾತೆಗೆ ಹೋಗಬೇಕು ಅನ್ನುವ ನೋಂದಣಿ) ಆಗಿದೆಯಾ ನೋಡಿ. ಎರಡು ಬ್ಯಾಂಕ್ ಖಾತೆ ಇದ್ದರೆ ದುಡ್ಡು ಇನ್ನೊಂದಕ್ಕೆ ಹೋಗಿರಬಹುದು.

ಹೊಸಬ
ಅಯ್ಯೋ, ಹೌದು! ಅಂಚೆ ಕಚೇರಿ ಖಾತೆ ಒಂದಿದೆ. ನೋಡುತ್ತೇನೆ.

ಕಲ್ಪತರು_ಹುಡುಗ
ಎಸಿ ಕಚೇರಿಯಲ್ಲಿ ಮೇಲ್ಮನವಿ ತಗೊಂಡರು. ವಿಚಾರಣೆಗೆ ದಿನ ಕೊಡ್ತೀವಿ ಅಂದಿದ್ದಾರೆ. ತಮ್ಮನನ್ನು ಕರೆದುಕೊಂಡೇ ಹೋಗಬೇಕಾ? ಆಫೀಸ್ ಮೊದಲನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ.

ಖಾಲಿ_ಜೇಬು
ಅಂಗವಿಕಲರ ಅಪೀಲು ಮೊದಲನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಚೆನ್ನಾಗಿದೆ.

ಶಶಿಕಲಾ_ಮೈಸೂರು
ಸಾಧ್ಯವಾದರೆ ಕರೆದುಕೊಂಡು ಹೋಗಿ. ವಾಕರ್ ಹಿಡಿದು ನಿಂತವನನ್ನು ನೋಡಿದ ಮೇಲೆ ಅವರ ಮಾತಿನ ಧಾಟಿ ಬದಲಾಗುತ್ತೆ, ನಾನು ಕಂಡಿದ್ದೇನೆ. ಅವನಿಗೆ ಪ್ರಯಾಣ ಆಗಲ್ಲ ಅಂದರೆ ಬಲವಂತ ಬೇಡ.

ನಿವೃತ್ತ_ಶಿರಸ್ತೇದಾರ
ಕರೆದುಕೊಂಡು ಹೋಗಲೇಬೇಕು ಅಂತ ಇಲ್ಲ. "ನನ್ನ ಪರವಾಗಿ ನನ್ನ ಅಣ್ಣ ಹಾಜರಾಗುತ್ತಾರೆ" ಅಂತ ತಮ್ಮನಿಂದ ಒಂದು ಅಧಿಕಾರ ಪತ್ರ ಬರೆಸಿಕೊಂಡು ಹೋಗು. ಅವನು ಬರುವುದಾದರೆ, ಮುಂಚಿನ ದಿನವೇ ಎಸಿ ಕಚೇರಿಯ ಮ್ಯಾನೇಜರಿಗೆ ಹೇಳು, ಕೆಳಗೆ ಕೂರಿಸಿ ಹೇಳಿಕೆ ತಗೊಳ್ಳಿ ಅಂತ. ಬರಹದಲ್ಲಿ ಕೊಟ್ಟರೆ ಇಲ್ಲ ಅನ್ನಲು ಅವರಿಗೂ ಕಷ್ಟ. ಎರಡು ಸೆಟ್ ಜೆರಾಕ್ಸ್ ಇರಲಿ, ಯುಡಿಐಡಿ ಮೂಲ ಕಾರ್ಡ್ ತೋರಿಸು, ಬಿಟ್ಟು ಬರಬೇಡ.

ಕಲ್ಪತರು_ಹುಡುಗ
ಆಯ್ತು ಸರ್. ದಿನಾಂಕ ಬಂದ ಮೇಲೆ ಇಲ್ಲೇ ಹಾಕುತ್ತೇನೆ. ಪೌತಿಗೂ ಅರ್ಜಿ ಕೊಟ್ಟಿದ್ದೇನೆ. ಅದಕ್ಕೆ ವಂಶವೃಕ್ಷ ಬೇಕಂತೆ, ಅದು ಮಾಡಿಸಲು ಮತ್ತೆ ಅದೇ ನಾಡಕಚೇರಿ.

ಹಳ್ಳಿ_ಲೆಕ್ಕ
ವಂಶವೃಕ್ಷಕ್ಕೆ ಅಪ್ಪನ ಮರಣ ಪತ್ರ, ಎಲ್ಲರ ಆಧಾರ್ ನಕಲು, ನೋಟರಿ ಅಫಿಡವಿಟ್ ಇಟ್ಟುಕೊಂಡು ಹೋಗಿ. ಮದುವೆಯಾದ ಅಕ್ಕತಂಗಿಯರ ಹೆಸರು ಬಿಡಬೇಡಿ, ಅಲ್ಲೇ ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು.